ಪಾದ್ರಿ ಸ್ಕೂಲಿನ ಶನಿ

ನಿನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ಹೊಸ ಹುಣಸೆಹಣ್ಣು ಹಿಂಡಿದ ಸಾರು ಕುದಿದು ಅದರ ವಾಸನೆ ಮನೆ ತುಂಬಿತ್ತು. ತಟ್ಟೆಗೆ ಬಂದ ಸಾರಿನಲ್ಲಿ ಹುಳಿಯಿತ್ತು, ಖಾರವಿತ್ತು, ಉಪ್ಪು ಎಲ್ಲಿದೆಯೆಂದು ಹುಡುಕಬೇಕಾಗಿತ್ತು. ನನ್ನ ರಕ್ತದೊತ್ತಡದ ಹೆಸರಿನಲ್ಲಿ ಮನೆಯಲ್ಲಿ ಉಪ್ಪಿಗೆ ಕಾವಲು ಹಾಕಿರುವವಳು ನನ್ನ ಮಗಳು. ಅವಳು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು. ನಾನು ಯೋಚನೆಯಿಲ್ಲದೆ ಎಡಗೈ ಎತ್ತಿ, ಹೆಬ್ಬೆರಳನ್ನು ಪಕ್ಕದ ಎರಡು ಬೆರಳಿಗೆ ತಿಕ್ಕಿ, ಹೆಂಡತಿಯ ಮುಖ ನೋಡಿದೆ.

"ಬಾಯಿಗೇನಾಗಿದೆ ನಿಮ್ಗೆ? ನಾನೇನು ಪಾದ್ರಿ ಸ್ಕೂಲಲ್ಲಿ ಓದಿದ್ನಾ, ಕೈಸನ್ನೆ ಅರ್ಥ ಆಗೋಕೆ?" ಎಂದಳು.

ಮದುವೆಯಾದಾಗಿನಿಂದ ನಾನು ಇದೇ ಸನ್ನೆ ಮಾಡುತ್ತಿದ್ದೇನೆ, ಅವಳು ಇದೇ ಮಾತು ಹೇಳುತ್ತಿದ್ದಾಳೆ. ಮಗಳಿಗೆ ನಗು ಬಂತು, ನನಗೆ ಉಪ್ಪು ಬರಲಿಲ್ಲ. ಆ ಸಪ್ಪೆ ಸಾರು ಉಣ್ಣುತ್ತಾ ನೆನಪಾದದ್ದನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ನಿಮ್ಮ ಊಟ ಆಗಿದೆ ಎಂದುಕೊಂಡಿದ್ದೇನೆ, ಇದರಲ್ಲಿ ಊಟದ ವಿಷಯ ಆಗಾಗ ಬರುತ್ತದೆ.

ನಾನು ಓದಿದ್ದು ಚಿಕ್ಕಬಳ್ಳಾಪುರದ ಹೊರಗೆ, ನಂದಿಗೆ ಹೋಗುವ ರಸ್ತೆಯಲ್ಲಿದ್ದ ಕ್ಯಾಥೊಲಿಕ್ ಗಂಡುಹುಡುಗರ ಶಾಲೆಯಲ್ಲಿ. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಶಾಲೆಗೆ ಯಾರೋ ಸಂತರ ಹೆಸರಿತ್ತು. ಆ ಹೆಸರಿಗೆ ನಮ್ಮ ಕಡೆಯವರ ನಾಲಿಗೆ ಹೊರಳುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಪಾದ್ರಿ ಸ್ಕೂಲು ಎನ್ನುತ್ತಿದ್ದರು. ಶಾಲೆಯಾಗುವ ಮುಂಚೆ ಅದು ಯಾರೋ ಸಾಹೇಬನ ಕುದುರೆ ಲಾಯವಂತೆ. ಕುದುರೆ ಕಟ್ಟುವ ಕಬ್ಬಿಣದ ಬಳೆಗಳು ಗೋಡೆಯಲ್ಲಿ ಹಾಗೇ ಉಳಿದಿದ್ದವು. ಲೆಕ್ಕದ ಮೇಷ್ಟರು ಸಿಟ್ಟು ಬಂದಾಗ ಅವನ್ನು ತೋರಿಸಿ, ಇಲ್ಲಿ ಮೊದಲಿದ್ದವಕ್ಕೆ ನಿಮಗಿಂತ ಬುದ್ಧಿಯಿತ್ತು ಎನ್ನುತ್ತಿದ್ದರು. ತರಗತಿಗಳ ನಡುವಿನ ಗೋಡೆ ಎದೆಯೆತ್ತರಕ್ಕೇ ನಿಂತುಹೋಗಿತ್ತು. ಕಿವಿಗೊಟ್ಟು ಕೇಳಿದರೆ ಮುಂದಿನ ವರ್ಷದ ಪಾಠವೂ ಈ ವರ್ಷವೇ ಮುಗಿಯುತ್ತಿತ್ತು. ಹಾಗೆ ಕೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಗೇಟಿನ ಕಮಾನಿನ ಮೇಲೆ ಲ್ಯಾಟಿನ್ನಿನಲ್ಲಿ ಏನೋ ಬರೆದಿತ್ತು. ಡ್ರಾಯಿಂಗ್ ಮೇಷ್ಟರು ಪ್ರತಿ ವರ್ಷ ಏಣಿ ಹತ್ತಿ ಅದಕ್ಕೆ ಬಣ್ಣ ಬಳಿಯುತ್ತಿದ್ದರು. ಅರ್ಥ ಕೇಳಿದರೆ ಒಂದು ವರ್ಷ 'ಸತ್ಯವನ್ನೇ ನುಡಿ' ಎಂದರು, ಇನ್ನೊಂದು ವರ್ಷ 'ಕೆಸರು ಕಾಲಲ್ಲಿ ಒಳಗೆ ಬರಬೇಡಿ' ಎಂದರು. ನಾವು ಎರಡನೆಯದನ್ನೇ ನಂಬಿ, ಗೇಟಿನ ಹತ್ತಿರ ಬಹಳ ಭಕ್ತಿಯಿಂದ ಕಾಲು ಒರೆಸಿಕೊಂಡು ಒಳಗೆ ಹೋಗುತ್ತಿದ್ದೆವು. ಮೊದಲನೆಯದರ ತಂಟೆಗೆ ಹೋಗುತ್ತಿರಲಿಲ್ಲ.

ಈ ಶಾಲೆಯನ್ನು ಕಟ್ಟಿದವರು ದೊಡ್ಡ ಫಾದರ್. ಫ್ರಾನ್ಸ್ ದೇಶದವರು. ಎದೆಯುದ್ದಕ್ಕೆ ಇಳಿದ ಗಡ್ಡ, ಕಾಲುದ್ದಕ್ಕೆ ಇಳಿದ ಬಿಳಿ ನಿಲುವಂಗಿ. ಒಂದು ಸೈಕಲ್ಲು, ಒಂದು ಗಂಟೆ, ಒದ್ದೆ ಗೋಣಿಯಲ್ಲಿ ಸುತ್ತಿದ ಒಂದಷ್ಟು ದ್ರಾಕ್ಷಿ ಕಡ್ಡಿ, ಇಷ್ಟನ್ನು ತೆಗೆದುಕೊಂಡು ಊರಿಗೆ ಬಂದರಂತೆ. ಸೈಕಲ್ಲು ತುಕ್ಕು ಹಿಡಿಯಿತು, ಗಂಟೆ ಶಾಲೆಯಾಯಿತು, ಕಡ್ಡಿಗಳು ಅವರ ಕೋಣೆಯ ಹಿಂದೆ ದೊಡ್ಡ ಚಪ್ಪರವಾದವು. ಆ ಚಪ್ಪರವೆಂದರೆ ಅವರಿಗೆ ಪ್ರಾಣ. ಒಂದೊಂದು ಗೊಂಚಲನ್ನೂ ಮುಟ್ಟಿ ಮಾತನಾಡಿಸುತ್ತಿದ್ದರು. ನಮ್ಮನ್ನು ಮಾತ್ರ ಹಾಗೆ ಮಾತನಾಡಿಸಿದ್ದು ಕಡಿಮೆ, ಯಾಕೆಂದರೆ ಅವರ ಇಂಗ್ಲಿಷೂ ನಮ್ಮ ಇಂಗ್ಲಿಷಿನ ಹಾಗೆಯೇ ಕಷ್ಟಪಟ್ಟು ಕಲಿತದ್ದು. ಅವರು ಒಂದು ವಾಕ್ಯ ಶುರು ಮಾಡಿದರೆ ಅದು ಮುಗಿಯುವವರೆಗೆ ಅವರೂ ನಾವೂ ಉಸಿರು ಹಿಡಿದಿರುತ್ತಿದ್ದೆವು.

ಅಲ್ಲೇ ಉಳಿದು ಓದುವ ಹುಡುಗರಲ್ಲಿ ಕ್ಯಾಥೊಲಿಕ್ಕರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿ ಕಡೆಯ ರೈತರ, ಗುಮಾಸ್ತರ, ಮೇಷ್ಟರ ಮಕ್ಕಳು. ಆದರೂ ಕ್ರಿಸ್‌ಮಸ್ಸಿಗೆ ಎಲ್ಲರೂ ಸಾಲಾಗಿ ನಿಂತು ಲ್ಯಾಟಿನ್ನಿನಲ್ಲಿ ಹಾಡಬೇಕಿತ್ತು. ರಜಕ್ಕೆ ಚಿಂತಾಮಣಿಗೆ ಹೋದಾಗ ನಮ್ಮ ಅಜ್ಜಿ ಅದನ್ನು ಹಾಡಿಸಿ ಕೇಳಿದರು. ಕೈವಾರದ ಭಜನೆಯನ್ನು ಒಂದು ದಿನವೂ ತಪ್ಪಿಸದ ಹೆಂಗಸು. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿ, ಯಾವ ದೇವರದಾದರೇನು, ರಾಗ ಚೆನ್ನಾಗಿದೆ, ತಾಳ ಮಾತ್ರ ತಪ್ಪುತ್ತೀಯ ಎಂದು ತೀರ್ಪು ಕೊಟ್ಟರು.

ಇನ್ನು ಶನಿಯ ವಿಷಯ. ಶಾಲೆಯ ಗೇಟಿನೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು ಎಂದು ಒಂದು ಕಾನೂನಿತ್ತು. ಇದು ಫಾದರ್ ತಲೆಯಲ್ಲಿ ಹುಟ್ಟಿದ್ದಲ್ಲ. ನಮ್ಮಪ್ಪನಂಥವರು ನಾಲ್ಕು ಜನ ಕೋಟು ಹಾಕಿಕೊಂಡು ಹೋಗಿ, ಹುಡುಗರು ಕನ್ನಡ ತೆಲುಗು ಮಾತಾಡಿಕೊಂಡಿದ್ದರೆ ಆಫೀಸರಾಗುವುದು ಯಾವಾಗ ಸ್ವಾಮೀ ಎಂದು ಗೋಗರೆದು ಮಾಡಿಸಿದ್ದು. ನಮ್ಮಪ್ಪ ಚಿಂತಾಮಣಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅಮಲ್ದಾರರು ಇಂಗ್ಲಿಷಿನಲ್ಲಿ ಬೈದಾಗ ಕನ್ನಡದಲ್ಲಿ ಬೈದದ್ದಕ್ಕಿಂತ ಗೌರವ ಹೆಚ್ಚು ಎಂದು ನಂಬಿದ್ದವರು.

ಕಾನೂನು ನಡೆಯಲು ಫಾದರ್ ಒಂದು ಉಪಾಯ ಮಾಡಿದರು. ಶಾಲೆಯ ಅಂಗಳದ ಹುಣಸೆಮರದ ಒಂದು ಕೊಂಬೆಯಿಂದ ಅಂಗೈಯಗಲದ ಬಿಲ್ಲೆ ಕೊಯ್ಸಿ, ತೂತು ಹಾಕಿಸಿ, ದಾರ ಕಟ್ಟಿಸಿದರು. ಯಾರಾದರೂ ಕನ್ನಡವೋ ತೆಲುಗೋ ಉರ್ದುವೋ ಆಡಿ ಸಿಕ್ಕಿಬಿದ್ದರೆ ಬಿಲ್ಲೆ ಅವನ ಕೊರಳಿಗೆ. ಅವನು ಇನ್ನೊಬ್ಬ ಆಡುವುದನ್ನು ಕೇಳಿಸಿಕೊಂಡು ಅದನ್ನು ಆ ಇನ್ನೊಬ್ಬನ ಕೊರಳಿಗೆ ದಾಟಿಸಬೇಕು. ಶುಕ್ರವಾರ ಸಂಜೆಯ ಗಂಟೆ ಹೊಡೆದಾಗ ಅದು ಯಾರ ಹತ್ತಿರ ಇರುತ್ತದೋ ಅವನು ಸೋಮವಾರ ಬೆಳಿಗ್ಗೆಯವರೆಗೆ ಗೇಟು ದಾಟುವ ಹಾಗಿಲ್ಲ. ಹೆಗಲೇರಿ ಬರುವುದು, ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿಯುವುದು, ಈ ಲಕ್ಷಣಗಳನ್ನು ನೋಡಿ ನಾವು ಅದಕ್ಕೆ ಶನಿ ಎಂದು ಹೆಸರಿಟ್ಟೆವು.

ದೇವರ ಭಾಷೆಯೆಂದು ಲ್ಯಾಟಿನ್ನಿಗೆ ರಿಯಾಯಿತಿ ಇತ್ತು. ಉರು ಹೊಡೆದ ಹಾಡು ಬಿಟ್ಟರೆ ನಮಗೆ ಗೊತ್ತಿದ್ದ ಲ್ಯಾಟಿನ್ 'ಆಮೆನ್' ಒಂದೇ. ಕೆಲವು ದಿನ ಅದರಲ್ಲೇ ಸಂಸಾರ ನಡೆಸಿದೆವು. ಹಸಿವಾದರೆ ಎಳೆದು ಆಮೆನ್, ಚೆಂಡು ಕೊಡು ಎನ್ನಲು ಗದರಿಸಿ ಆಮೆನ್, ಹಾವು ಕಂಡರೆ ಕಿರುಚಿ ಆಮೆನ್. ಫಾದರಿಗೆ ಗೊತ್ತಾಗಿ ಅದೂ ನಿಂತಿತು. ಉಳಿದದ್ದು ಇಂಗ್ಲಿಷ್. ಅದನ್ನು ಆಡಲು ಹೋಗಿ ತಪ್ಪಿದರೆ ಮೇಷ್ಟರ ಬೆತ್ತ, ಬಿಟ್ಟು ಕನ್ನಡ ಆಡಿದರೆ ಶನಿ. ಅತ್ತ ದರಿ ಇತ್ತ ಪುಲಿ. ನಾವು ಮೂರನೆಯ ದಾರಿ ಹಿಡಿದೆವು. ಮಾತಾಡುವುದನ್ನೇ ಬಿಟ್ಟುಬಿಟ್ಟೆವು.

ನೀವು ನಂಬುವುದಿಲ್ಲ, ಆದರೆ ಅಷ್ಟು ಹುಡುಗರಿದ್ದ ಶಾಲೆಯಲ್ಲಿ ಹುಣಸೆ ಎಲೆ ಬಿದ್ದರೂ ಕೇಳಿಸುತ್ತಿತ್ತು. ಎಲ್ಲ ವ್ಯವಹಾರ ಕೈಸನ್ನೆಯಲ್ಲಿ. ಬೆರಳು ತಿಕ್ಕಿದರೆ ಉಪ್ಪು. ಮುಷ್ಟಿಯನ್ನು ಅಂಗೈಯಲ್ಲಿ ಉರುಳಿಸಿದರೆ ಇನ್ನೊಂದು ಮುದ್ದೆ. ಗಲ್ಲದಿಂದ ಎದೆಯವರೆಗೆ ಇಲ್ಲದ ಗಡ್ಡ ನೀವಿದರೆ 'ಫಾದರ್ ನೋಡ್ತಿದ್ದಾರೆ, ಹುಷಾರು'. ಕೊರಳಿನ ಹಿಂದೆ ಎರಡೂ ಕೈಯಲ್ಲಿ ಗಂಟು ಹಾಕಿದರೆ ಮದುವೆ, ಅಂದರೆ ಯಾರಿಗೋ ರಜ. ಫುಟ್‌ಬಾಲ್ ಆಟವೂ ಹೀಗೇ. ಎದುರು ತಂಡದವರು ಬೊಬ್ಬೆ ಹೊಡೆದು ಹೊಡೆದು ಎಲ್ಲಿಗೆ ಒದೆಯುತ್ತಾರೆಂದು ತಾವೇ ಹೇಳಿಬಿಡುತ್ತಿದ್ದರು, ನಮ್ಮವರು ತುಟಿಪಿಟಕ್ಕೆನ್ನದೆ ಗೋಲು ಹೊಡೆದು ಬರುತ್ತಿದ್ದರು. ಗೋಲ್‌ಕೀಪರ್ ರಾಮಾಂಜಿ ನನ್ನ ಜೀವದ ಗೆಳೆಯ, ಗೌರಿಬಿದನೂರಿನ ಕಡೆಯವನು. ಅವನಿಗೆ ಇಂಗ್ಲಿಷೆಂದರೆ ಎಷ್ಟು ಭಯವೆಂದರೆ, ಇಡೀ ವರ್ಷ ಬಾಯಿ ತೆರೆದದ್ದು ಮುದ್ದೆಗೆ ಮಾತ್ರ. ಬೇಸಿಗೆ ರಜೆಯಲ್ಲೂ ಸೋದರಮಾವನ ತೋಟದಲ್ಲಿ ಕಾವಲಿಗೆ ಒಬ್ಬನೇ ಇದ್ದು ಬಂದಿದ್ದ, ಅಲ್ಲೂ ಮಾತಿಲ್ಲ.

ಒಮ್ಮೆ ಬಿಷಪ್ಪರು ಶಾಲೆ ನೋಡಲು ಬಂದು, ಮಧ್ಯಾಹ್ನ ನಮ್ಮ ಜೊತೆ ಊಟದ ಹಾಲಿನಲ್ಲಿ ಕುಳಿತರು. ಮುದ್ದೆಯನ್ನು ಅಗಿಯುವಂತಿಲ್ಲ, ನುಂಗಬೇಕು ತಾನೆ. ಹಾಲಿನಲ್ಲಿ ಗುಳಕ್ ಗುಳಕ್ ಎಂಬ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಿಷಪ್ಪರ ಕಣ್ಣು ತುಂಬಿ ಬಂತು. ನಮ್ಮ ದೊಡ್ಡ ದೊಡ್ಡ ಸನ್ಯಾಸಿಮಠಗಳಲ್ಲೂ ಇಂಥ ಮೌನ ಕಂಡಿಲ್ಲ ಎಂದರಂತೆ. ಫಾದರ್ ಗಡ್ಡದೊಳಗೆ ಮುಖ ಕೆಂಪಾಯಿತು. ಹುಡುಗರು ತಾವಾಗಿಯೇ ದೇವರಿಗಾಗಿ ಮೌನವ್ರತ ಹಿಡಿದಿದ್ದಾರೆ ಎಂದು ಅವರು ಮನಸಾರೆ ನಂಬಿದ್ದರು. ಅಂದಿನಿಂದ ಯಾರೇ ಬಂದರೂ ಚಪ್ಪರ ತೋರಿಸಿದ ಮೇಲೆ ನಮ್ಮ ಮೌನವನ್ನೂ ತೋರಿಸುತ್ತಿದ್ದರು. ನಾವು ಪಿಳಿಪಿಳಿ ಕಣ್ಣು ಬಿಟ್ಟು ನಿಂತಿರುತ್ತಿದ್ದೆವು.

ಅದೇ ವರ್ಷ ನಮ್ಮ ಅಕ್ಕನ ಮದುವೆ ಗೊತ್ತಾಯಿತು. ಭಾನುವಾರ ಬೆಳಿಗ್ಗೆ, ಚಿಂತಾಮಣಿಯಲ್ಲಿ. ನಾನು ಅವಳಿಗೆ ಒಬ್ಬನೇ ತಮ್ಮ. ಹೋಮದ ಹೊತ್ತಿಗೆ ಮದುಮಗಳ ಬೊಗಸೆಗೆ ಅರಳು ಹಾಕುವವನು ತಮ್ಮನೇ ಆಗಬೇಕು. ಇಲ್ಲದಿದ್ದರೆ ಯಾರನ್ನಾದರೂ ಹಿಡಿದು ತಂದು ಹಾಕಿಸುತ್ತಾರೆ, ಶಾಸ್ತ್ರ ನಿಲ್ಲುವುದಿಲ್ಲ. ಆದರೆ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಕ್ಕ. ನನಗೆ ಕೈತುತ್ತು ಹಾಕಿದ ಬೊಗಸೆಗೆ ಯಾರೋ ದಾಯಾದಿ ಹುಡುಗ ಅರಳು ಹಾಕುವುದನ್ನು ನೆನೆಯಲೂ ನನಗೆ ಇಷ್ಟವಿರಲಿಲ್ಲ. ಅಪ್ಪ ಲಗ್ನಪತ್ರಿಕೆ ತಂದು ಫಾದರಿಗೆ ಕೊಟ್ಟರು. ಫಾದರ್ ಅದನ್ನು ತಲೆಕೆಳಗಾಗಿ ಹಿಡಿದು ಸಂತೋಷದಿಂದ ನೋಡಿ, ಶನಿವಾರ ಬೆಳಗಿನ ರೈಲಿಗೆ ಹುಡುಗ ಹೋಗಬಹುದು, ಬಿಲ್ಲೆ ಅವನ ಹತ್ತಿರ ಇಲ್ಲದಿದ್ದರೆ, ಎಂದರು. ಹಿಂದಿನ ವರ್ಷ ಒಬ್ಬ ಹುಡುಗನ ಒಬ್ಬಳೇ ಅಜ್ಜಿ ಪದೇ ಪದೇ ತೀರಿಕೊಂಡ ಮೇಲೆ ಅವರು ಯಾರಿಗೂ ವಿನಾಯಿತಿ ಕೊಡುತ್ತಿರಲಿಲ್ಲ. ಅಪ್ಪನಾದರೂ ಬೇಡಿಕೊಳ್ಳಬಹುದಿತ್ತು. ಕಾನೂನು ಮಾಡಿಸಿದವರೇ ಅವರಾದ್ದರಿಂದ, ರೂಲ್ ಅಂದ್ರೆ ರೂಲ್ ಫಾದರ್ ಎಂದು ಕೈಮುಗಿದು ಹೊರಟರು.

ಆ ವಾರವೆಲ್ಲ ನಾನು ತುಟಿ ಹೊಲಿದುಕೊಂಡವನ ಹಾಗೆ ಇದ್ದೆ. ಶನಿ ರಾಮಾಂಜಿಯ ಕೊರಳಲ್ಲಿತ್ತು. ಪಾಪ, ಆಕಳಿಸಿ ಅಭ್ಯಾಸಬಲದಿಂದ 'ರಾಮ ರಾಮ' ಎಂದು ಉಸಿರುಬಿಟ್ಟು ಸಿಕ್ಕಿಬಿದ್ದಿದ್ದ. ಶನಿವಾರ ಸರ್ಕಾರಿ ಹೈಸ್ಕೂಲಿನ ಮೈದಾನದಲ್ಲಿ ಪಂದ್ಯ. ಅವನಿಲ್ಲದಿದ್ದರೆ ಗೋಲಿಗೆ ನಿಲ್ಲಲು ಜನವಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಮುದ್ದೆ ಉಂಡ ಮೇಲೆ ಚರಿತ್ರೆಯ ಪಾಠ. ಮುದ್ದೆ ಮತ್ತು ಮೊಘಲರು ಒಟ್ಟಿಗೆ ಬಂದರೆ ಎಂಥವನಿಗೂ ನಿದ್ದೆ ಬರುತ್ತದೆ. ನಾನು ಕನಸಿನಲ್ಲಿ ಮದುವೆಯ ಪಂಕ್ತಿಯಲ್ಲಿ ಕುಳಿತಿದ್ದೆ. "ಅಕ್ಕಾ, ಹೋಳಿಗೆಗೆ ತುಪ್ಪ ಹಾಕೇ" ಎಂದು ಸ್ಪಷ್ಟವಾಗಿ, ಎದೆಯೆತ್ತರದ ಗೋಡೆಯಾಚೆಗೂ ಕೇಳುವಂತೆ, ಅಂದೆನಂತೆ. ಎಚ್ಚರವಾದಾಗ ಕೊರಳಲ್ಲಿ ಏನೋ ಭಾರ. ಪಕ್ಕದಲ್ಲಿ ಕುಳಿತಿದ್ದ ರಾಮಾಂಜಿ ನನ್ನ ಮುಖ ನೋಡಲಾರದೆ ಬಾಬರನ ಚಿತ್ರ ನೋಡುತ್ತಿದ್ದ.

ಸಂಜೆಯ ಗಂಟೆಗೆ ಇನ್ನು ಸ್ವಲ್ಪವೇ ಹೊತ್ತು. ಇದರಲ್ಲಿ ಒಂದು ತಮಾಷೆಯಿದೆ. ಶನಿ ಹಿಡಿದವನಿಗೆ ಮತ್ತೆ ಶನಿ ಹಿಡಿಯುವುದಿಲ್ಲವಾದ್ದರಿಂದ ಇಡೀ ಶಾಲೆಯಲ್ಲಿ ಬಾಯಿಬಿಟ್ಟು ಕನ್ನಡ ಆಡುವ ಸ್ವಾತಂತ್ರ್ಯ ಇದ್ದದ್ದು ಅವನೊಬ್ಬನಿಗೇ. ನಾನು ಒಬ್ಬೊಬ್ಬನ ಹತ್ತಿರವೂ ಹೋಗಿ ಮಾತಿಗೆಳೆದೆ. ನಿನ್ನ ಬೆನ್ನ ಮೇಲೆ ಚೇಳಿದೆ ಎಂದೆ. ನಿಮ್ಮ ಊರಿಗೆ ಸರ್ಕಸ್ ಬಂದಿದೆಯಂತೆ ಎಂದೆ. ಒಬ್ಬನ ಕಾಲ ಹೆಬ್ಬೆರಳು ತುಳಿದೆ. ಅವನ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ 'ಅ' ಬರಲಿಲ್ಲ. ಎಲ್ಲರಿಗೂ ನನ್ನ ಮೇಲೆ ಮರುಕವೇ. ಕೊರಳ ಹಿಂದೆ ಗಂಟು ಹಾಕುವ ಸನ್ನೆ ಮಾಡಿ, ತಲೆಯಲ್ಲಾಡಿಸಿ, ದೂರ ಸರಿದರು. ಕೊನೆಗೆ ಸೋತು ಚಪ್ಪರದ ಬೇಲಿಯ ಹತ್ತಿರ ಕಲ್ಲಿನ ಮೇಲೆ ಕುಳಿತು, ಅತ್ತೆ. ಅಳು ಯಾವ ಭಾಷೆಯೆಂದು ಕಾನೂನಿನಲ್ಲಿ ಹೇಳಿರಲಿಲ್ಲ.

ಅಡುಗೆಯ ಚೌರಪ್ಪನಿಗೆ ಒಂದು ಆಡಿತ್ತು. ಚೌರಪ್ಪ ಶಾಲೆಯ ಕ್ಯಾಥೊಲಿಕ್ಕರಲ್ಲೇ ಹಳಬ, ಮನೆಮಾತು ತೆಲುಗು, ಕಾನೂನಿನಿಂದ ಹೊರಗಿದ್ದವನು. ಆಡನ್ನು ಅಡುಗೆಮನೆಯ ಹಿಂದೆ ಯಾವಾಗಲೂ ಕಟ್ಟಿಹಾಕಿರುತ್ತಿದ್ದ. ಅವತ್ತು ತಲೆಯೆತ್ತಿ ನೋಡಿದರೆ ಅದು ಚಪ್ಪರದ ಕೆಳಗೆ ಹಿಂಗಾಲಿನ ಮೇಲೆ ನಿಂತು, ಹಣ್ಣಾಗುತ್ತಿದ್ದ ಗೊಂಚಲುಗಳನ್ನು ಒಂದಾದ ಮೇಲೊಂದು ಮುಗಿಸುತ್ತಿದೆ. ಬೇಲಿಯ ಬಾಗಿಲು ತೆರೆದಿತ್ತು. ಫಾದರ್ ಪ್ರಾರ್ಥನೆಯ ಪುಸ್ತಕ ಹಿಡಿದು ಹೊರಗೆ ಬಂದರು, ಕಂಡರು, ಪುಸ್ತಕ ಕೈಬಿಟ್ಟರು.

ಆಮೇಲೆ ಅವರ ಬಾಯಿಂದ ಹೊರಟದ್ದನ್ನು ಹೇಗೆ ವರ್ಣಿಸಲಿ? ಅದು ಇಂಗ್ಲಿಷಲ್ಲ. ವಾಕ್ಯ ವಾಕ್ಯಕ್ಕೂ ಉಸಿರು ಹಿಡಿದು ತಡವರಿಸುತ್ತಿದ್ದ ಮನುಷ್ಯ ಕಟ್ಟೆಯೊಡೆದ ಕೆರೆಯಂತೆ ಸುರಿಸಿದರು. ಬೈದರು, ಬೇಡಿಕೊಂಡರು, ಒಂದು ಕಡೆ ಅಳುವ ಹಾಗೆಯೂ ಆಯಿತು. ಗಡ್ಡ ಹಾರಿತು, ಕೈ ಹಾರಿತು. ಅವರಿಗೊಂದು ಹಳ್ಳಿಯಿತ್ತು, ಅಲ್ಲಿ ಆಡುಗಳನ್ನು ಬೈಯುವ ಒಬ್ಬಳು ತಾಯಿ ಇದ್ದಳು ಎಂದು ನನಗೆ ಅವತ್ತು ಮೊದಲ ಸಲ ಹೊಳೆಯಿತು. ಅಷ್ಟೆಲ್ಲ ಆದರೂ ಆಡು ಕದಲಲಿಲ್ಲ. ಅದಕ್ಕೆ ಬರುತ್ತಿದ್ದದ್ದು ತೆಲುಗೊಂದೇ.

ನಾನು ಓಡಿಹೋಗಿ ಬೇಲಿಯ ಕಡ್ಡಿ ಕಿತ್ತುಕೊಂಡು, "ಪೋವೇ ಮುಂಡಾ, ಪೋ" ಎಂದು ಚೌರಪ್ಪನ ರಾಗದಲ್ಲೇ ಕೂಗಿದೆ. ಆಡು ತನ್ನ ಹೆಸರು ಕೇಳಿದವರಂತೆ ತಿರುಗಿ, ಮರ್ಯಾದೆಯಿಂದ ಹೊರಗೆ ನಡೆಯಿತು. ಬೇಲಿಯಾಚೆ, ಬಾಗಿಲಿನ ಹಿಂದೆ, ರಾಮಾಂಜಿ ನಿಂತಿದ್ದ. ಅವನ ಕೈಯಲ್ಲಿ ಆಡು ಕಟ್ಟುವ ಹಗ್ಗವಿತ್ತು. ಅವನು ಅದನ್ನು ಕೆಳಗೆ ಬಿಟ್ಟು ಎರಡೂ ಕೈಯನ್ನು ಕೊರಳ ಹಿಂದೆ ತೆಗೆದುಕೊಂಡುಹೋಗಿ ಗಂಟು ಹಾಕಿದ. ಆಮೇಲೆ ಗಲ್ಲದಿಂದಲೇ ಫಾದರ್ ಕಡೆಗೆ ತೋರಿಸಿದ.

ನನಗೆ ಅರ್ಥವಾಯಿತು. ಎದುರಿಗೆ ಫಾದರ್ ಏದುಸಿರು ಬಿಡುತ್ತಾ ನಿಂತಿದ್ದರು. ಗಡ್ಡದಲ್ಲಿ ದ್ರಾಕ್ಷಿ ಎಲೆ. ಗೇಟಿನೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು, ಆಡಿದವರಿಗೆ ಬಿಲ್ಲೆ. ಆಡಿದ ಹುಡುಗರಿಗೆ ಎಂದು ಎಲ್ಲೂ ಹೇಳಿರಲಿಲ್ಲ. ಅಕ್ಕನ ಬೊಗಸೆಯನ್ನು ನೆನೆದುಕೊಂಡು, ಕೊರಳಿನಿಂದ ಶನಿಯನ್ನು ತೆಗೆದು, ಎರಡೂ ಕೈಯಲ್ಲಿ ಪ್ರಸಾದದ ತಟ್ಟೆಯಂತೆ ಹಿಡಿದು ಮುಂದೆ ಚಾಚಿದೆ. ಫಾದರ್ ಅದನ್ನು ನೋಡಿದರು. ನನ್ನನ್ನು ಇನ್ನು ಶಾಲೆಯಿಂದ ಓಡಿಸುತ್ತಾರೆ ಎಂದುಕೊಂಡೆ. ಅವರು ಇಂಗ್ಲಿಷಿನಲ್ಲಿ, ತಡವರಿಸುತ್ತಾ, ತಾನು ಈಗ ಆಡಿದ್ದು ಇಂಗ್ಲಿಷ್ ಆಗಿರಲಿಲ್ಲ ಅಲ್ಲವೇ ಎಂದು ಕೇಳಿದರು. ನೋ ಫಾದರ್ ಎಂದೆ. ಅವರು ತಲೆ ಬಗ್ಗಿಸಿದರು. ನಾನು ದಾರವನ್ನು ಗಡ್ಡದ ಮೇಲಿಂದ ಹಾಯಿಸಿ ಅವರ ಕೊರಳಿಗೆ ಹಾಕಿದೆ. ಶಿಲುಬೆಯ ಪಕ್ಕದಲ್ಲಿ ಶನಿ ಕುಳಿತಿತು. ಸಂಜೆಯ ಗಂಟೆ ಹೊಡೆಯಿತು.

ಶನಿವಾರ ಪುಟ್ಟ ರೈಲು ಶಿಡ್ಲಘಟ್ಟ ದಾಟಿ, ಇಳಿದು ನಡೆದರೆ ಬೇಗ ತಲುಪುತ್ತೇವೇನೋ ಎನ್ನುವ ವೇಗದಲ್ಲಿ ನನ್ನನ್ನು ಚಿಂತಾಮಣಿಗೆ ಮುಟ್ಟಿಸಿತು. ಮದುವೆಮನೆಯಲ್ಲಿ ಹೊಸ ಪೇಚು. ಶನಿ ಕೊರಳಿಂದ ಇಳಿದದ್ದೇ ವರ್ಷದ ಅಭ್ಯಾಸ ಮರಳಿ, ನನ್ನ ಬಾಯಿ ತೆರೆಯಲೇ ಇಲ್ಲ. ನೀರು ಬೇಕೆಂದರೆ ಹೆಬ್ಬೆರಳು ಬಾಯಿಗೆ, ಹೋಳಿಗೆ ಬೇಕೆಂದರೆ ಅಂಗೈ ತಟ್ಟುವುದು. ಗಂಡಿನ ಕಡೆಯ ಹೆಂಗಸರು ಗುಸುಗುಸು ಶುರುಮಾಡಿದರು. ಹುಡುಗಿಯ ತಮ್ಮ ಮೂಗ, ವಂಶದಲ್ಲೇ ಇದೆಯೇನೋ, ನಮಗೆ ಹೇಳದೆ ಮುಚ್ಚಿಟ್ಟಿದ್ದಾರೆ ಎಂದು ಮಾತು ಬೆಳೆದು ಬೀಗರವರೆಗೂ ಹೋಯಿತು. ಅಪ್ಪ ಬೆವೆತು ಬಂದು, ಇವನು ಇಂಗ್ಲಿಷ್ ಶಾಲೆಯಲ್ಲಿ ಓದುವವನು ಎಂದು ಎಲ್ಲರೆದುರು ಹೆಮ್ಮೆಯಿಂದ ಹೇಳಿ, ನನಗೆ ಇಂಗ್ಲಿಷಿನಲ್ಲಿ ಏನಾದರೂ ಮಾತಾಡು ಎಂದರು. ಮೆದುಳಿನಲ್ಲಿ ಇದ್ದದ್ದೆಲ್ಲ ಹಾರಿಹೋಗಿ ಒಂದೇ ಮಾತು ಉಳಿದಿತ್ತು. "ಆಮೆನ್" ಎಂದೆ. ಗಂಡಿನ ಕಡೆಯವರಿಗೆ ಅರ್ಧ ಸಮಾಧಾನವಾಯಿತು.

ಉಳಿದರ್ಧವನ್ನು ಮಾಡಿದವಳು ಅಕ್ಕ. ಹೋಮದ ಮುಂದೆ ಬೊಗಸೆಯೊಡ್ಡಿ ಕುಳಿತಿದ್ದಳು. ನಾನು ಅರಳು ತುಂಬುತ್ತಿದ್ದೆ. ಅವಳು ಬಾಸಿಂಗದ ಕೆಳಗಿನಿಂದ ನನ್ನನ್ನು ನೋಡಿ, "ನೀನು ಬರಲ್ವೇನೋ ಅಂತ ರಾತ್ರಿಯೆಲ್ಲ ಅತ್ತೆ ಕಣೋ" ಎಂದಳು. ನನ್ನ ಬಾಯಿ ತಾನೇ ತೆರೆಯಿತು. "ಹೆಂಗೆ ಬರ್ದೆ ಇರ್ತೀನಿ ಅಕ್ಕ, ಶನೀನ ಫಾದರ್ ಕೊರಳಿಗೆ ಕಟ್ಟಿ ಬಂದಿದ್ದೀನಿ" ಎಂದು ಮಂಟಪವೆಲ್ಲ ಕೇಳುವಂತೆ ಹೇಳಿದೆ. ಪುರೋಹಿತರ ಮಂತ್ರ ನಿಂತಿತು. ಅಪ್ಪ ತಲೆ ಹಿಡಿದುಕೊಂಡರು. ಅಕ್ಕ ನಕ್ಕ ರಭಸಕ್ಕೆ ಅರ್ಧ ಅರಳು ಅಗ್ನಿಗೆ ಮುಂಚೆಯೇ ಅರ್ಪಣೆಯಾಯಿತು.

ಸೋಮವಾರ ಮರಳಿದಾಗ ಚೌರಪ್ಪ ನನಗಾಗಿಯೇ ಕಾದಿದ್ದ. ಶನಿವಾರ ನಂದಿಯಲ್ಲಿ ಬಿಷಪ್ಪರು ಇಳಿದುಕೊಂಡಿದ್ದು, ಊಟಕ್ಕೆ ಕರೆಯಲು ಕಾರು ಕಳಿಸಿದ್ದರಂತೆ. ಫಾದರ್ ಗೇಟಿನವರೆಗೆ ಹೋಗಿ, ತಾನು ದಾಟುವ ಹಾಗಿಲ್ಲ ಎಂದು ಕೊರಳಿನ ಬಿಲ್ಲೆ ತೋರಿಸಿದರಂತೆ. ಡ್ರೈವರಿಗೆ ಅರ್ಥವಾಗದೆ ಬಿಷಪ್ಪರನ್ನೇ ಕರೆದುಕೊಂಡು ಬಂದ. "ಅವ್ರು ಆಚೆ, ಇವ್ರು ಈಚೆ. ಜೈಲಲ್ಲಿ ನೆಂಟ್ರನ್ನ ನೋಡೋಕೆ ಬಂದಂಗಿತ್ತಪ್ಪ" ಎಂದ ಚೌರಪ್ಪ. ಎರಡು ದಿನವೂ ಫಾದರ್ ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು ಅವನ ಹತ್ತಿರ ಏನೇನೋ ಕೇಳಿ ತಿಳಿದುಕೊಳ್ಳುತ್ತಿದ್ದರಂತೆ.

ಸೋಮವಾರವೂ ಬಿಲ್ಲೆ ಅವರ ಕೊರಳಲ್ಲೇ ಇತ್ತು. ಕಾನೂನಿನ ಪ್ರಕಾರ ಯಾರಾದರೂ ಮಾತಾಡಿ ಸಿಕ್ಕಿಬೀಳುವವರೆಗೆ ಅದನ್ನು ತೆಗೆಯುವಂತಿಲ್ಲ. ಅವರು ಮೈದಾನಕ್ಕೆ ಬಂದರೆ ನಾವು ಸುಮ್ಮನಾದೆವು. ಹುಣಸೆಮರದ ಹಿಂದೆ ನಿಂತು ಕಿವಿಗೊಟ್ಟರೆ ನಾವು ಇಲ್ಲದ ಗಡ್ಡ ನೀವಿಕೊಂಡೆವು. ಊಟದ ಹಾಲಿಗೆ ಬಂದರೆ ಗುಳಕ್ ಗುಳಕ್. ವಾರವಿಡೀ ಆ ಎತ್ತರದ ಮನುಷ್ಯ ಒಂದು ಮಾತಿಗಾಗಿ ಶಾಲೆಯ ಮೂಲೆಮೂಲೆ ತಿರುಗಿದರು. ಯಾವುದನ್ನು ದಿವ್ಯಮೌನವೆಂದು ತೋರಿಸಿ ಹಿಗ್ಗುತ್ತಿದ್ದರೋ, ಅದೇ ಮೌನ ಈಗ ಅವರಿಗೇ ಎದುರಾಗಿ ನಿಂತಿತ್ತು. ಶುಕ್ರವಾರದ ಹೊತ್ತಿಗೆ ಅವರ ಮುಖ ಇಳಿದುಹೋಗಿತ್ತು. ನೋಡಿ ನನಗೆ ಪಾಪ ಎನ್ನಿಸಿತು.

ಅವತ್ತು ಸಂಜೆಯ ಗಂಟೆಗೆ ಮುಂಚೆ ನನ್ನನ್ನು ಹುಣಸೆಮರದ ಕೆಳಗೆ ಕರೆದರು. ಇಲ್ಲಿ ಯಾರೂ ಯಾಕೆ ಮಾತಾಡುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದರು. ದೂರದಲ್ಲಿ ಎಲ್ಲರೂ ನಿಂತು ನೋಡುತ್ತಿದ್ದರು. ಉತ್ತರ ನನಗೆ ಗೊತ್ತಿತ್ತು, ಅದು ಇಂಗ್ಲಿಷಿನಲ್ಲಿ ಮಾತ್ರ ಗೊತ್ತಿರಲಿಲ್ಲ. ಕೊರಳು ಮುಂದೆ ಮಾಡಿ, ಕನ್ನಡದಲ್ಲೇ ಹೇಳಿದೆ. "ಭಯ ಫಾದರ್. ಅದಕ್ಕೇ ಯಾರೂ ಮಾತಾಡಲ್ಲ."

ಬಿಲ್ಲೆ ಕೊರಳಿಗೆ ಬೀಳುತ್ತದೆಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಕಣ್ಣು ತೆರೆದಾಗ ಫಾದರ್ ಅದನ್ನು ತೆಗೆದು ನಿಲುವಂಗಿಯ ಜೇಬಿಗೆ ಇಳಿಬಿಡುತ್ತಿದ್ದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, ಚೌರಪ್ಪನ ತೆಲುಗು ರಾಗದ ಕನ್ನಡದಲ್ಲಿ, ಒಂದೊಂದೇ ಅಕ್ಷರ ಹುಡುಕಿ ಎತ್ತಿಕೊಂಡು, "ಮಾತಾಡಪ್ಪ. ಏನಾದ್ರೂ ಮಾತಾಡು" ಎಂದರು.

ಶನಿ ಮತ್ತೆ ಜೇಬಿನಿಂದ ಹೊರಗೆ ಬರಲಿಲ್ಲ. ಶಾಲೆಗೆ ಮಾತು ಬಂತು. ರಾಮಾಂಜಿ ಮೊದಲ ಸಲ ಬಾಯಿಬಿಟ್ಟು ನನ್ನನ್ನು ಕೂಗಿದಾಗ ನಾವೆಲ್ಲ ಬೆಚ್ಚಿಬಿದ್ದೆವು. ಕೀಚಲು ದನಿಯಲ್ಲಿ ಮೌನಕ್ಕೆ ಹೋದವನು ಗಂಡಸಿನ ಗೊಗ್ಗರು ದನಿಯಲ್ಲಿ ಹೊರಗೆ ಬಂದಿದ್ದ. ಯಾರು ಕೂಗಿದ್ದೆಂದು ಅವನೇ ಹಿಂತಿರುಗಿ ನೋಡಿದ. ಮುಂದಿನ ಸಲ ಬಿಷಪ್ಪರು ಬಂದಾಗ ಊಟದ ಹಾಲು ಚಿಂತಾಮಣಿಯ ಸಂತೆಯಾಗಿತ್ತು, ಕನ್ನಡ, ತೆಲುಗು, ಉರ್ದು, ನಡುನಡುವೆ ಹೆದರಿಕೆ ಬಿಟ್ಟ ಮುರುಕಲು ಇಂಗ್ಲಿಷು. ಬಿಷಪ್ಪರು ಕಿವಿಯ ಹತ್ತಿರ ಕೈ ತಂದರು. ಫಾದರ್ ಮಾತ್ರ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಮಾತು ಬಂದರೂ ಸನ್ನೆ ಹೋಗಲಿಲ್ಲ. ಭಯದಲ್ಲಿ ಕಲಿತದ್ದೇ ಆದರೂ ಗೆಳೆಯರ ನಡುವೆ ಕಲಿತದ್ದು, ಬಿಡಲು ಮನಸ್ಸಿಲ್ಲ. ಇಷ್ಟು ಬರೆದು ಇವತ್ತು ಸಂಜೆ ಹೆಂಡತಿಗೆ ಓದಿ ಹೇಳಿದೆ. ಕಾಳು ಬಿಡಿಸುತ್ತಾ ಕೇಳಿ, ಮೊರ ಎತ್ತಿಕೊಂಡು ಒಳಗೆ ಹೋದಳು. ರಾತ್ರಿ ಊಟಕ್ಕೆ ಕುಳಿತಾಗ ಅದೇ ಸಾರು, ಅದೇ ಸಪ್ಪೆ. ಫಾದರ್ ಮಾತು ನೆನೆದು, ಇನ್ನು ಮೇಲೆ ಬಾಯಿಬಿಟ್ಟು ಕೇಳುವುದೇ ಸರಿ ಎಂದು ನಿರ್ಧರಿಸಿ, "ಸ್ವಲ್ಪ..." ಎಂದು ಶುರುಮಾಡಿದ್ದೆ. ಹೆಂಡತಿ ನನ್ನ ಕಡೆ ನೋಡದೆ, ಎಡಗೈಯನ್ನು ಗಲ್ಲಕ್ಕೆ ತಂದು, ಎದೆಯವರೆಗೆ ಇಲ್ಲದ ಗಡ್ಡವನ್ನು ನಿಧಾನವಾಗಿ ನೀವಿದಳು. ತಿರುಗಿ ನೋಡಿದೆ. ಬಾಗಿಲಲ್ಲಿ ಮಗಳು ನಿಂತಿದ್ದಳು. ನಾನು ಬಾಯಿ ಮುಚ್ಚಿದೆ. ಮಗಳು ಒಳಗೆ ಹೋದ ಮೇಲೆ ನೋಡಿದರೆ, ನನ್ನ ತಟ್ಟೆಯ ಅಂಚಿನಲ್ಲಿ ಒಂದು ಚಿಟಿಕೆ ಉಪ್ಪಿತ್ತು.